ಮಗಳಿಗೊಂದು ಪತ್ರ: ಮಾವನ ಬಿಬ್ ಬೇಡ, ನಿನ್ನದನ್ನೇ ಹಾಕಿಕೋ

ಪುಟ್ಟಿ,

ಭಾನುವಾರದ ಟೆನ್-ಕೆ, ಆ ಹತ್ತು ಕಿಲೋಮೀಟರ್ ಓಟಕ್ಕೆ, ತೀರಿಕೊಂಡ ಮಾವನ ಬಿಬ್, ಅವನ ಹೆಸರಿಗೆ ಬಂದ ಆ ಎದೆಯ ಮೇಲಿನ ನಂಬರ್ ಚೀಟಿ, ಹಾಕಿಕೊಂಡು ಓಡುತ್ತೇನೆ ಅಂದೆ ನೀನು. ನಾನು ಬೇಡ ಅಂದೆ. ನೀನು ಫೋನ್ ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ಇಬ್ಬರೂ ಅಳುತ್ತೇವೆ, ಮಾತು ಅಲ್ಲೇ ನಿಂತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಓಡುವುದಕ್ಕೆ ನನ್ನ ಅಡ್ಡಿ ಇಲ್ಲ. ವೈಕುಂಠ ಸಮಾರಾಧನೆ ಮುಗಿದು ವಾರ ಆಗಿಲ್ಲ, ಆಗಲೇ ಓಟವಾ ಅಂತ ಚಿಕ್ಕಮ್ಮ ಎಲ್ಲರೆದುರು ಅಂದಳಲ್ಲ, ಆ ಮಾತಿಗೆ ಅವಳ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. 2006ರಲ್ಲಿ ವಿರಾಟ್ ಕೊಹ್ಲಿಗೆ 18 ವರ್ಷ. ಅಪ್ಪ ತೀರಿಕೊಂಡ ದಿನವೇ ಮೈದಾನಕ್ಕೆ ಬಂದು, ರಣಜಿಯಲ್ಲಿ ನಮ್ಮ ಕರ್ನಾಟಕದ ಎದುರೇ 90 ರನ್ ಮಾಡಿ, ಆಮೇಲೆ ಸಂಸ್ಕಾರಕ್ಕೆ ಹೋದ. ಮಾವ ಈ ಕಥೆ ಎಷ್ಟು ಸಲ ಹೇಳಿದ್ದಾನೋ. ದುಃಖ ಇದ್ದವರು ಮೂಲೆಯಲ್ಲೇ ಕೂತಿರಬೇಕು ಅನ್ನುವುದನ್ನು ನಾನೂ ಒಪ್ಪುವುದಿಲ್ಲ.

ನನ್ನನ್ನು ಕಾಡುವುದು ಆ ಸೋಡಾ. ಹೋದ ದಿನ ಬೆಳಗ್ಗೆ ಮಾವ ಎದೆ ಉರಿ ಅಂದ. ಗ್ಯಾಸ್ ಆಗಿರಬೇಕು ಅಂತ ನಿಂಬೆಹಣ್ಣಿನ ಸೋಡಾ ತರಿಸಿಕೊಂಡು ಕುಡಿದ. ತೇಗು ಬಂತು, ಪರವಾಗಿಲ್ಲ ಅಂದ. ಹಣೆ ಬೆವರಿತ್ತು, ಫ್ಯಾನ್ ಜೋರು ಮಾಡಿದರು. ಎಡಭುಜ ಹಿಡಿದುಕೊಂಡಿದೆ ಅಂದ. ರಾತ್ರಿ ಮಗ್ಗುಲು ಸರಿಯಿರಲಿಲ್ಲವೇನೋ ಅಂತ ಅತ್ತೆ ಎಣ್ಣೆ ಬಿಸಿ ಮಾಡಲು ಹೋದಳು. ಇನ್ನೊಂದು ಸೋಡಾ ತರಿಸಿದ. ಅದು ಅರ್ಧ ಹಾಗೇ ಉಳಿಯಿತು.

ಅವನಿಗೆ ಗೊತ್ತಿರಲಿಲ್ಲ ಅಂತಲ್ಲ ಪುಟ್ಟಿ. 2021ರಲ್ಲಿ ಅಪ್ಪು ಹೋದಾಗ ಜಿಮ್ಮಿಗೆ ಹೋಗುವುದೇ ಬೇಡ ಅಂತ ಊರೆಲ್ಲ ಹೆದರಿತ್ತು, ಧೈರ್ಯ ಹೇಳಿದವನು ಇವನು. 2025ರಲ್ಲಿ ನಮ್ಮ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ದಿನಾ ಟೀವಿಯಲ್ಲಿ ಬರುತ್ತಿದ್ದಾಗ ನನ್ನನ್ನು ಎಳೆದುಕೊಂಡು ಹೋಗಿ ಇಸಿಜಿ ಮಾಡಿಸಿದ. ಅಪ್ಪು ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಯುತ್ತಾರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ದುಡ್ಡಿಲ್ಲದೆ ಕೊಡುತ್ತಾರೆ ಅಂತ ಬೀದಿಯವರಿಗೆಲ್ಲ ಹೇಳಿದವನೂ ಅವನೇ. ತನಗೆ ಬಂದಾಗ ಸೋಡಾ ತರಿಸಿದ.

ನೀನೂ ಅವನ ಹಾಗೇ, ಹುಷಾರಿಲ್ಲ ಅಂತ ಬಾಯಿ ಬಿಡುವವಳಲ್ಲ. ಸಮಾರಾಧನೆಯ ದಿನ ಬಂದವರಿಗೆಲ್ಲ ಎಲೆ ಹಾಕಿಸಿ, ಅತ್ತೆಗೆ ಎರಡು ತುತ್ತು ತಿನ್ನಿಸಿ, ಒಂದು ಹನಿ ಕಣ್ಣೀರು ಹಾಕದೆ ನಿಂತಿದ್ದೆ. ನನಗೆ ಎಷ್ಟು ಹೆಮ್ಮೆ ಆಯಿತು ಗೊತ್ತಾ? ಈಗ ಅದೇ ನೆನಪಾದರೆ ಹೆದರಿಕೆ ಆಗುತ್ತದೆ. ನಿನಗೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ. ಹತ್ತಿರದವರು ಹೋದ ಹೊಸತರಲ್ಲಿ ನಾಡಿ ಬಡಿತ, ಬಿಪಿ ಎರಡೂ ಏರಿರುತ್ತವೆ. ಮೇಲೆ ಏಪ್ರಿಲ್ ಸೆಕೆ ಬೇರೆ.

ಬಿಬ್ ವಿಷಯ. ಅದರ ಹಿಂದೆ ರಕ್ತದ ಗುಂಪು, ತುರ್ತಿಗೆ ಯಾರ ನಂಬರ್ ಅಂತ ಬರೆಯುವುದು ಸುಮ್ನೆ ಅಲ್ಲ. ಮಾವನದು ಬಿ ಪಾಸಿಟಿವ್, ನಿನ್ನದು ಓ ನೆಗೆಟಿವ್. ನೀನು ದಾರಿಯಲ್ಲಿ ಬಿದ್ದರೆ ಡಾಕ್ಟರ ಕೈಗೆ ಸಿಗುವುದು ಒಬ್ಬ ಗಂಡಸಿನ ವಿವರ. ಫೋನ್ ಹೋಗುವುದು ಅತ್ತೆಗೆ. ಗಂಡನ ಹೆಸರು ಹೇಳಿ, ಬಿದ್ದಿದ್ದಾರೆ ಬನ್ನಿ ಅಂದರೆ ಅವಳ ಗತಿ ಏನು? ಬಿಬ್‌ನಲ್ಲಿ ಟೈಮ್ ಹಿಡಿಯುವ ಚಿಪ್ ಇದೆ, ಅವನ ಹೆಸರಿನಲ್ಲೊಂದು ಟೈಮಿಂಗ್ ಬರಲಿ ಅನ್ನುವ ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅವನು ಓಡದ ಓಟ ಅವನ ಹೆಸರಿಗೆ ಬೇಡ. ಬೇಕಾದರೆ ಮಡಚಿ ಜೇಬಿನಲ್ಲಿಟ್ಟುಕೋ.

ಹಿಂದಿನ ರಾತ್ರಿ ಅನ್ನ ಸಾರು ತಿನ್ನು. ಬೆಳಗ್ಗೆ ಒಂದು ಬಾಳೆಹಣ್ಣು. ಬರೀ ನೀರು ಜಾಸ್ತಿ ಕುಡಿಯಬೇಡ, ಓಆರ್‌ಎಸ್ ಕುಡಿ. ಅಳು ಬಂದರೆ ಪಕ್ಕಕ್ಕೆ ಸರಿದು ನಿಂತು ಅತ್ತುಬಿಡು, ಅಳುತ್ತಾ ಓಡಿದರೆ ಉಸಿರು ಕಟ್ಟುತ್ತದೆ. ಹೆಂಗಸರಿಗೆ ಎದೆಯೇ ನೋಯಬೇಕು ಅಂತಿಲ್ಲ. ದವಡೆ, ಬೆನ್ನು ಹಿಡಿದುಕೊಂಡರೆ, ತಣ್ಣನೆ ಬೆವರು ಬಂದರೆ, ಗುರಿ ನೂರು ಹೆಜ್ಜೆ ದೂರ ಇದ್ದರೂ ನಿಂತುಬಿಡಬೇಕು. ಗ್ಯಾಸ್ ಅನ್ನಬೇಡ.

ನಾಳೆಯೇ ಒಂದು ಇಸಿಜಿ ಮಾಡಿಸಿ ಡಾಕ್ಟರಿಗೆ ತೋರಿಸು. ದುಡ್ಡು ಕಳಿಸಿದ್ದೇನೆ. ಅವರು ಓಡಬಹುದು ಅಂದರೆ ನಾನು ಇನ್ನೇನೂ ಹೇಳುವುದಿಲ್ಲ. ಅತ್ತೆ ಭಾನುವಾರ ನಮ್ಮ ಮನೆಯಲ್ಲೇ ಇರುತ್ತಾಳೆ. ಓಟ ಮುಗಿದ ಕೂಡಲೇ ಮೊದಲು ಅವಳಿಗೆ ಫೋನ್ ಮಾಡು, ನಿನ್ನ ಟೈಮಿಂಗ್ ಕೇಳಬೇಕು ಅಂತಿದ್ದಳು.

ನಿನ್ನ ಅಮ್ಮ