ಕೊಲೊರಾಡೊ ಜಿಂಕೆ ಬೇಟೆ: ಮದ್ದು ತುಂಬುವ ಕೋವಿಗೆ ಯಾವ ಗುಂಡು?

ಸದಸ್ಯರ ಗಮನಕ್ಕೆ: ಸೆಪ್ಟೆಂಬರ್‌ನಲ್ಲಿ ಕೊಲೊರಾಡೊದಲ್ಲಿ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯ ಬೇಟೆಗೆ ಪರವಾನಗಿ ಪಡೆದವರು, ಪ್ಲಾಸ್ಟಿಕ್ ಕವಚದ ಸಬೊಟ್ ಗುಂಡಿಗೂ ಗುಳಿಗೆ ರೂಪದ ಮದ್ದಿಗೂ ಆ ಋತುವಿನಲ್ಲಿ ಅವಕಾಶವಿಲ್ಲವೆಂಬುದನ್ನು ಗಮನಿಸಿ, ದುಂಡನೆಯ ಅಥವಾ ಶಂಕುವಿನಾಕಾರದ ಗುಂಡನ್ನೇ ಖರೀದಿಸಬೇಕಾಗಿ ವಿನಂತಿ.

ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಪೆಟ್ಟಿಗೆಯ ಮೇಲಿನ ಜಾಹೀರಾತಲ್ಲ, ನಳಿಗೆಯೊಳಗಿನ ತಿರುವು, ಅಂದರೆ ಗುಂಡನ್ನು ತಿರುಗಿಸಲು ಒಳಗೆ ಕೊರೆದ ಸುರುಳಿ ಗೆರೆಗಳು: 66 ಅಂಗುಲಕ್ಕೆ ಒಂದು ಸುತ್ತು ಬರುವ ನಿಧಾನ ತಿರುವಿಗೆ ಬಟ್ಟೆ ಸುತ್ತಿದ ದುಂಡು ಗುಂಡು ಹೊಂದಿದರೆ, 28 ಅಂಗುಲಕ್ಕೇ ಸುತ್ತು ಮುಗಿಸುವ ಇಂದಿನ ಕೋವಿಗಳಿಗೆ ಉದ್ದನೆಯ ಶಂಕು ಗುಂಡೇ ಸರಿ. .50 ಕೋವಿಯ (ನಳಿಗೆಯ ಒಳ ಅಗಲ ಅರ್ಧ ಅಂಗುಲ) ದುಂಡು ಗುಂಡು ಸುಮಾರು 180 ಗ್ರೇನ್ (12 ಗ್ರಾಂನಷ್ಟು) ಮಾತ್ರ ತೂಗಿ ಬೇಗನೆ ವೇಗ ಕಳೆದುಕೊಳ್ಳುವುದರಿಂದ, 75 ಗಜದಾಚೆಯ ಜಿಂಕೆಗೆ ಅದನ್ನು ಹಾರಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಗುಂಡು ಮದ್ದಿಗೆ ತಾಗಿ ಕೂತಿದೆಯೇ ಎಂಬುದನ್ನು ತಳ್ಳುವ ಸರಳಿನ ಮೇಲೆ ಗೀಚಿದ, ಸರಿಯಾಗಿ ತುಂಬಿದಾಗ ನಳಿಗೆಯ ಬಾಯಿಗೆ ಸಮವಾಗುವ ಗುರುತಿನಿಂದ ಪ್ರತಿ ಬಾರಿಯೂ ಖಚಿತಪಡಿಸಿಕೊಳ್ಳತಕ್ಕದ್ದು. ನಡುವೆ ಖಾಲಿ ಉಳಿದರೆ ನಳಿಗೆಯೇ ಸಿಡಿಯಬಹುದು.