ರಕ್ತ ಬಿದ್ದರೆಲ್ಲ ಮೂಲವ್ಯಾಧಿಯಲ್ಲ

ಮಾನ್ಯ ಸಂಪಾದಕರೇ,

ಕುಮಟಾದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವವನು ನಾನು. ಬೇಸಿಗೆ ಬಂತೆಂದರೆ ಒಆರ್‌ಎಸ್ ಪೊಟ್ಟಣದ ಬೆನ್ನಿಗೇ ನಮ್ಮಲ್ಲಿ ಖರ್ಚಾಗುವುದು ಮೂಲವ್ಯಾಧಿಯ ಮುಲಾಮು. ಕೇಳುವ ರೀತಿಯೂ ಹೆಚ್ಚುಕಡಿಮೆ ಒಂದೇ. ಬೇರೆ ಗಿರಾಕಿಗಳೆಲ್ಲ ಹೋಗುವ ತನಕ ಕೌಂಟರಿನ ಮೂಲೆಯಲ್ಲಿ ನಿಂತು, ಆಮೇಲೆ ದನಿ ತಗ್ಗಿಸಿ, "ಉಷ್ಣ ಆಗದೆ ಅಣ್ಣಾ, ರಕ್ತ ಬೀಳ್ತದೆ, ಆ ಟ್ಯೂಬ್ ಒಂದು ಕೊಡಿ" ಅನ್ನುತ್ತಾರೆ. ಹೆಚ್ಚಿನವರಿಗೆ ಅದು ಮೂಲವ್ಯಾಧಿಯೇ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದೇ ಹುಡುಗ ಸ್ವಲ್ಪ ದಿನ ಬಿಟ್ಟು ಮತ್ತೆ ಬಂದಾಗ ಅವನ ಬೆಲ್ಟಿಗೆ ಹೊಸ ತೂತು ಬಿದ್ದಿರುವುದು ಕಂಡರೆ, ಟ್ಯೂಬಿಗೆ ಕೈ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇನೆ. ಮೇ 19 ವಿಶ್ವ ಐಬಿಡಿ ದಿನ, ಅಂದರೆ ಕರುಳಿನ ಉರಿಯೂತದ ಕಾಯಿಲೆಯ ದಿನ. ಆ ನೆಪದಲ್ಲಿ ಅವೇ ಪ್ರಶ್ನೆಗಳನ್ನು ನಿಮ್ಮ ಓದುಗರಿಗೂ ಕೇಳೋಣವೆಂದು ಈ ಪತ್ರ.

ರಾತ್ರಿ ನಿದ್ದೆಯಿಂದ ಎಬ್ಬಿಸಿ ಸಂಡಾಸಿಗೆ ಓಡಿಸುತ್ತದೆಯೇ? ರಕ್ತದ ಜತೆ ಲೋಳೆ ಹೋಗುತ್ತದೆಯೇ? ಹೋಗಿ ಬಂದ ಮರುಗಳಿಗೆಗೇ ಮತ್ತೆ ಹೋಗಬೇಕು ಅನಿಸುತ್ತದೆಯೇ? ತೂಕ ಇಳಿದಿದೆಯೇ, ನಡುನಡುವೆ ಜ್ವರ, ಕೀಲುನೋವು, ಬಾಯಿಹುಣ್ಣು ಇದೆಯೇ? ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ಮಲ ಗಟ್ಟಿ, ಕೊನೆಯಲ್ಲಿ ಕೆಂಪು ರಕ್ತ ಹನಿಯುತ್ತದೆ. ಅದೊಂದರಿಂದಲೇ ಮನುಷ್ಯ ಸೊರಗಿ ಕಡ್ಡಿಯಾಗುವುದಿಲ್ಲ. ಭೇದಿ ವಾರಗಟ್ಟಲೆ ನಿಲ್ಲದೆ, ಮಜ್ಜಿಗೆಗೂ ಮಾತ್ರೆಗೂ ಬಗ್ಗದೆ ಎಳೆದಾಡುತ್ತಿದ್ದರೆ ಕರುಳಿನ ಉರಿಯೂತದ ಕಾಯಿಲೆ ಇರಬಹುದೇ ಎಂಬ ಗುಮಾನಿ ಬರಬೇಕು. ಡಾಕ್ಟರರು ಐಬಿಡಿ ಎನ್ನುವುದು ಇದಕ್ಕೇ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣು ಮಾಡುತ್ತದೆ, ಗುದದ್ವಾರದ ಬದಿಯಿಂದ ಶುರುವಾಗಿ ಮೇಲೇರುತ್ತದೆ. ಕ್ರೋನ್ಸ್ ಬಾಯಿಯಿಂದ ಗುದದ ತನಕ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯನ್ನು ಆಳಕ್ಕೆ ಕೊರೆಯುತ್ತದೆ. ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡುವಲ್ಲಿ ಬಂದರೆ ಹೊಟ್ಟೆಯ ಬಲಗಡೆ ಕೆಳಗೆ ನೋವು. ಅಪೆಂಡಿಕ್ಸ್ ಎಂದು ಗಡಿಬಿಡಿಯಾಗುವುದೂ ಉಂಟು. ಕ್ರೋನ್ಸ್‌ನಲ್ಲಿ ರಕ್ತ ಕಾಣಲೇಬೇಕೆಂದಿಲ್ಲ. ಎರಡರಲ್ಲೂ ನಡೆಯುವುದು ಒಂದೇ: ನಮ್ಮದೇ ರೋಗನಿರೋಧಕ ವ್ಯವಸ್ಥೆ ನಮ್ಮ ಕರುಳಿನ ಮೇಲೆ ತಿರುಗಿಬೀಳುತ್ತದೆ. ಹೆಚ್ಚಾಗಿ 15ರಿಂದ 35ರೊಳಗಿನ ಪ್ರಾಯದಲ್ಲಿ ಶುರು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಒಣಮೀನು ತಿಂದು ಬಂದದ್ದೂ ಅಲ್ಲ, ಮಾವಿನಹಣ್ಣಿನ ಉಷ್ಣವೂ ಅಲ್ಲ.

ನನ್ನ ಗಿರಾಕಿಯೊಬ್ಬ ಬೋಟಿಗೆ ಹೋಗುವ ಹುಡುಗ. ಊರು, ಹೆಸರು ಬೇಡ. ಬೋಟಿನಲ್ಲಿ ಸಂಡಾಸ್ ಎಲ್ಲಿಂದ ಬರಬೇಕು? ಹಿಂಬದಿಯಲ್ಲಿ ಹಗ್ಗ ಹಿಡಿದು ಕೂರಬೇಕು. ಬಲೆ ಎಳೆಯುವ ಹೊತ್ತಿಗೇ ಇವನಿಗೆ ಅವಸರವಾಗುತ್ತದೆಂದು ಜತೆಯವರು ನಗಾಡುತ್ತಿದ್ದರು, ಬೋಟು ನಡೆಸುವ ತಾಂಡೇಲ ಸೋಮಾರಿ ಎಂದು ಬೈಯುತ್ತಿದ್ದ. ಅಜ್ಜಿ ದಾಳಿಂಬೆ ಸಿಪ್ಪೆ, ಕೊಡಸಿಗೆ ಚಕ್ಕೆ ಕುದಿಸಿ ಕೊಟ್ಟಳು. ಕಷಾಯದ ಬಗ್ಗೆ ನನಗೆ ತಕರಾರಿಲ್ಲ, ನಮ್ಮ ಮನೆಯಲ್ಲೂ ಮಾಡುತ್ತಾರೆ. ಆದರೆ ಹುಡುಗನ ಉಗುರು ನೋಡಿದರೆ ಸುಣ್ಣದ ಬಿಳುಪು. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧವಾಗಿ ಬೋಟು ದಡಕ್ಕೆ ಬಂತಲ್ಲ, ಆಗ ಮಣಿಪಾಲಕ್ಕೆ ಹೋಗಿ ಕೊಲೊನೊಸ್ಕೋಪಿ, ಅಂದರೆ ಗುದದಿಂದ ಕ್ಯಾಮೆರಾದ ನಳಿಗೆ ಬಿಟ್ಟು ದೊಡ್ಡ ಕರುಳು ನೋಡುವ ಪರೀಕ್ಷೆ, ಮಾಡಿಸಿದ. ಒಳಗಿನಿಂದ ಚೂರು ತೆಗೆದು ಬಯಾಪ್ಸಿಗೂ ಕಳಿಸಿದರು. ಅಲ್ಸರೇಟಿವ್ ಕೊಲೈಟಿಸ್ ಎಂದಾಯಿತು. ಈಗ ಮಾತ್ರೆ ನುಂಗುತ್ತಾ ಬೋಟಿಗೆ ಹೋಗುತ್ತಾನೆ. ಬೈಯುತ್ತಿದ್ದ ತಾಂಡೇಲನೇ ಮಾತ್ರೆ ಒಯ್ಯಲು ಅಂಗಡಿಗೆ ಬರುವುದುಂಟು.

ಕೊಲೊನೊಸ್ಕೋಪಿ ಎಂದರೆ ಹೆದರುವವರಿಗೆ ಒಂದು ಮಾತು. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪರೀಕ್ಷೆ ಇದೆ. ಕರುಳಿನಲ್ಲಿ ಉರಿಯೂತ ಇದೆಯೋ ಇಲ್ಲವೋ ಎಂಬ ಸುಳಿವು ಅದರಲ್ಲೇ ಸಿಗುತ್ತದೆ. ಕಾಯಿಲೆ ಯಾವುದೆಂದು ಅದೊಂದೇ ಹೇಳಲಾರದು, ನೋವಿನ ಮಾತ್ರೆ ತಿಂದಿದ್ದರೂ ಅಂಕಿ ಏರುತ್ತದೆ. ಆದರೂ ಯಾರನ್ನು ಮೊದಲು ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ತೀರ್ಮಾನಿಸಲು ಊರ ಡಾಕ್ಟರಿಗೆ ಅಷ್ಟು ಸಾಕು. ತಾಲೂಕು ಆಸ್ಪತ್ರೆಗಳಲ್ಲಿ ಇದಕ್ಕೆ ಮಾದರಿ ತೆಗೆದುಕೊಳ್ಳುವ ವ್ಯವಸ್ಥೆಯಾದರೆ ಎಷ್ಟೋ ಜನರ ವರ್ಷ ಉಳಿಯುತ್ತದೆ. ಇನ್ನೊಂದು ತೊಡಕು ನಮ್ಮ ದೇಶದ್ದು. ಕರುಳಿನ ಕ್ಷಯವೂ ಕ್ರೋನ್ಸೂ ನೋಡಲು ಒಂದೇ ತರಹ, ಬಯಾಪ್ಸಿಯಲ್ಲೂ ಕೆಲವೊಮ್ಮೆ ಗುರುತು ಹತ್ತುವುದಿಲ್ಲ. ಹಾಗಾಗಿ ಮೊದಲು ಕ್ಷಯದ ಔಷಧಿ ಕೊಟ್ಟು ನೋಡುವುದುಂಟು. "ಡಾಕ್ಟರು ತಪ್ಪು ಔಷಧಿ ಕೊಟ್ಟರು" ಎಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂಗಾಡುವವರಿಗೆ ಇದು ತಿಳಿದಿರಬೇಕು.

ಕಾಯಿಲೆ ಗೊತ್ತಾದ ಮೇಲೆ ಎಲ್ಲ ಸಸೂತ್ರ ಎಂದುಕೊಳ್ಳಬೇಡಿ. ಕೌಂಟರಿನಲ್ಲಿ ನಿಂತವನಿಗೆ ಕಾಣುವ ಪ್ರಪಂಚವೇ ಬೇರೆ. ಮೆಸಲಮೈನ್ ಎಂದರೆ ಕರುಳಿನ ಉರಿಯೂತ ತಗ್ಗಿಸುವ ಔಷಧಿ. ಗುದದಲ್ಲಿ ಇಟ್ಟುಕೊಳ್ಳಬೇಕಾದ ಅದರ ಸಪೊಸಿಟರಿಯನ್ನು ನೀರಿನ ಜತೆ ನುಂಗಿ, "ಭಾರೀ ದೊಡ್ಡದು ಮಾರಾಯ್ರೆ, ಗಂಟಲಿಗೆ ಸಿಕ್ತದೆ" ಎಂದು ವಾಪಸ್ ತಂದವರಿದ್ದಾರೆ. ಮೆಸಲಮೈನ್ ಮಾತ್ರೆಯ ಹೊರ ಲೇಪ ಅದು ಕರುಳಿಗೆ ಹೋಗಿಯೇ ಕರಗಲೆಂದು ಇರುವುದು. ಅದನ್ನು ಕುಟ್ಟಿ ಪುಡಿ ಮಾಡಿ ಗಂಜಿಗೆ ಬೆರೆಸಿದರೆ ಔಷಧಿ ಮೇಲೆಯೇ ಕರಗಿ ಹೋಗುತ್ತದೆ. ಇದೇ ಕಾಯಿಲೆಯ ಇನ್ನೊಂದು ಮಾತ್ರೆ ಸಲ್ಫಾಸಲಜೈನ್ ತೆಗೆದುಕೊಂಡರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕಾಮಾಲೆಯೆಂದು ಗಾಬರಿಯಾಗಿ ಬಿಟ್ಟುಬಿಡುತ್ತಾರೆ. ಎಲ್ಲಕ್ಕಿಂತ ಕಿರಿಕಿರಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡಿನದು. ಅಗ್ಗ, ನಾಲ್ಕು ದಿನದಲ್ಲಿ ಜೀವ ಬಂದಂತಾಗುತ್ತದೆ. ಮಡಚಿ ಮಡಚಿ ಹರಿದ ಹಳೇ ಚೀಟಿ ಹಿಡಿದು "ಅದನ್ನೇ ಕೊಡಿ ಸಾಕು" ಎನ್ನುತ್ತಾರೆ. ಸ್ಟೀರಾಯ್ಡ್ ಇರುವುದು ಕಾಯಿಲೆಯ ಜೋರು ತಗ್ಗಿಸುವುದಕ್ಕೆ, ವರ್ಷವಿಡೀ ನುಂಗುವುದಕ್ಕಲ್ಲ. ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಹಾಗೆಂದು ಒಂದೇ ಏಟಿಗೆ ನಿಲ್ಲಿಸಿದರೂ ಅಪಾಯ, ಡಾಕ್ಟರು ಹೇಳಿದಂತೆ ಹಂತ ಹಂತವಾಗಿ ಇಳಿಸಬೇಕು. ಸೊಂಟನೋವಿಗೆಂದು ಡೈಕ್ಲೋಫಿನಾಕ್, ಐಬುಪ್ರೊಫೆನ್ ಕೇಳಿದರೆ ಈ ಕಾಯಿಲೆಯವರಿಗೆ ನಾನು ಕೊಡುವುದಿಲ್ಲ. ಆರಿದ ಹುಣ್ಣು ಕೆದರುತ್ತದೆ. ಅದಕ್ಕಾಗಿ ಕೆಲವರು ನನ್ನ ಜತೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಮಾತ್ರೆಗೆ ಬಗ್ಗದವರಿಗೆ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್‌ನಂತಹ ಇಂಜೆಕ್ಷನ್‌ಗಳಿವೆ. 2014ರಲ್ಲಿ ನಮ್ಮ ದೇಶದ್ದೇ ಕಂಪನಿ ಅಡಾಲಿಮುಮ್ಯಾಬ್‌ನ ಬಯೋಸಿಮಿಲರ್, ಅಂದರೆ ಮೂಲ ಔಷಧಿಯನ್ನೇ ಹೋಲುವ ರೂಪ, ತಂದ ಮೇಲೆ ಬೆಲೆ ಇಳಿಯಿತು, ಬಡವನ ಕೈಗೆ ಎಟುಕುವಷ್ಟು ಅಲ್ಲ. ಶುರುಮಾಡುವ ಮೊದಲು ಕ್ಷಯದ ತಪಾಸಣೆ ಆಗಲೇಬೇಕು, ಒಳಗೆ ಮಲಗಿದ್ದ ಕ್ಷಯ ಎದ್ದುಬಿಡುತ್ತದೆ. ಇಂಜೆಕ್ಷನ್ ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಮಳೆಗಾಲದಲ್ಲಿ ನಮ್ಮ ಕರೆಂಟಿನ ಸೌಭಾಗ್ಯ ಕರಾವಳಿಯವರಿಗೆ ಹೇಳಬೇಕಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಅಂಕೋಲಾ ಕಡೆಯ ಒಬ್ಬರಿಗೆ ಹೋಗಬೇಕಾದ ಡಬ್ಬಿ ನನ್ನ ಫ್ರಿಜ್‌ನಲ್ಲೇ ಉಳಿಯಿತು. ಕೊನೆಗೆ ಅವರ ಭಾವ ಘಟ್ಟದ ಮೇಲಿನಿಂದ ಸುತ್ತುಬಳಸಿ ಬಂದು, ಮೀನಿನ ಥರ್ಮಾಕೋಲ್ ಪೆಟ್ಟಿಗೆಯನ್ನು ತೊಳೆದು ಐಸ್ ಪ್ಯಾಕ್ ತುಂಬಿ ಒಯ್ದರು. ಔಷಧಿಯನ್ನು ನೇರ ಐಸಿಗೆ ತಾಗಿಸಬೇಡಿ, ಹೆಪ್ಪುಗಟ್ಟಿದರೆ ಕೆಟ್ಟಿತು ಎಂದು ನಾನು ನಡುವೆ ಟವೆಲ್ ಸುತ್ತಿಕೊಟ್ಟೆ.

ಹೆಣ್ಣುಮಕ್ಕಳ ವಿಷಯ ಬೇರೆಯೇ ಬರೆಯಬೇಕು. ಮದುವೆ ಗೊತ್ತಾದ ಹುಡುಗಿಯ ತಾಯಿಯೊಬ್ಬರು ಮಾತ್ರೆಗಳನ್ನೆಲ್ಲ ಸ್ಟ್ರಿಪ್‌ನಿಂದ ಬಿಡಿಸಿ ವಿಟಮಿನ್ ಡಬ್ಬಿಗೆ ಹಾಕಿಕೊಡಲು ಕೇಳಿದರು. "ಅತ್ತೆ ಮನೇಲಿ ಹೆಸರು ಓದ್ತಾರೆ ತಮ್ಮಾ." ನಾನು ಹಾಕಿಕೊಡಲಿಲ್ಲ, ಕೂರಿಸಿ ಮಾತಾಡಿದೆ. ಈ ಕಾಯಿಲೆಯವರು ಮದುವೆಯಾಗುತ್ತಾರೆ, ಹೆರುತ್ತಾರೆ. ಕಾಯಿಲೆ ತಣ್ಣಗಿರುವಾಗ ಬಸಿರಾಗುವುದು ಒಳ್ಳೆಯದು. ಮೆಸಲಮೈನ್‌ನಂತಹ ಔಷಧಿಯನ್ನು ಬಸಿರಿನಲ್ಲೂ ಮುಂದುವರಿಸುತ್ತಾರೆ, ಕೆಲವರಿಗೆ ಕೊಡುವ ಮೆಥೊಟ್ರೆಕ್ಸೇಟ್ ಅಂತೂ ಕೂಡದು. ಇದನ್ನೆಲ್ಲ ಡಾಕ್ಟರ ಹತ್ತಿರ ಮೊದಲೇ ಮಾತಾಡಬೇಕು. ಮುಚ್ಚಿಟ್ಟು ಮಾತ್ರೆ ತಪ್ಪಿಸಿದರೆ ಮದುವೆಯ ವರ್ಷವೇ ಆಸ್ಪತ್ರೆಯಲ್ಲಿ ಮಲಗಬೇಕಾದೀತು. ಜಪಾನಿನ ಪ್ರಧಾನಿಯಾಗಿದ್ದ ಶಿಂಜೊ ಅಬೆಗೂ ಹದಿಹರೆಯದಿಂದಲೇ ಅಲ್ಸರೇಟಿವ್ ಕೊಲೈಟಿಸ್ ಇತ್ತು. 2007ರಲ್ಲಿ ಹುದ್ದೆ ಬಿಟ್ಟವರು 2012ರಲ್ಲಿ ಮತ್ತೆ ಪ್ರಧಾನಿಯಾದರು. 2020ರ ಆಗಸ್ಟ್‌ನಲ್ಲಿ ಕಾಯಿಲೆ ಮರುಕಳಿಸಿದೆ, ರಾಜೀನಾಮೆ ಕೊಡುತ್ತೇನೆ ಎಂದು ಪತ್ರಕರ್ತರ ಮುಂದೆಯೇ ಹೇಳಿದರು. ಆ ತಾಯಿಗೆ ಇದನ್ನು ಹೇಳಿದೆ. "ಅವ್ರಿಗೇನು, ಅವ್ರಿಗೆ ಅತ್ತೆ ಇಲ್ವಲ್ಲ" ಎಂದರು. ಉತ್ತರ ಹೊಳೆಯಲಿಲ್ಲ. ಸ್ಟ್ರಿಪ್ ಸಮೇತ ಮಾತ್ರೆ ತೆಗೆದುಕೊಂಡು ಹೋದರು, ಅಷ್ಟಾಯಿತು.

ಗುಣವಾಯಿತೆಂದು ಔಷಧಿ ಬಿಟ್ಟವರು ಮತ್ತೆ ಬರುತ್ತಾರೆ, ಬರುವಾಗ ಮೊದಲಿಗಿಂತ ಇಳಿದಿರುತ್ತಾರೆ. ದೊಡ್ಡ ಕರುಳಿನ ಕಾಯಿಲೆ ಶುರುವಾಗಿ ಎಂಟು ವರ್ಷ ಕಳೆದ ಮೇಲೆ ಆರಾಮಾಗಿದ್ದರೂ ಕೊಲೊನೊಸ್ಕೋಪಿ ಮಾಡಿಸಿಕೊಳ್ಳುತ್ತಿರಬೇಕು, ಕ್ಯಾನ್ಸರಿನ ಸಾಧ್ಯತೆ ಉಳಿದವರಿಗಿಂತ ಹೆಚ್ಚು.

ಕೊನೆಯದಾಗಿ ಸಂಡಾಸಿನ ಮಾತು. ನನ್ನ ಗಿರಾಕಿಗಳು ಮಣಿಪಾಲಕ್ಕೆ ಬಸ್ಸಿಗಿಂತ ಕೊಂಕಣ ರೈಲನ್ನೇ ನೆಚ್ಚುತ್ತಾರೆ, ಬೋಗಿಯಲ್ಲಿ ಸಂಡಾಸ್ ಇದೆ ಎಂಬ ಒಂದೇ ಕಾರಣಕ್ಕೆ. ರೈಲಿನ ಹೊತ್ತು ಹೊಂದದಿದ್ದರೆ ಹಿಂದಿನ ರಾತ್ರಿಯಿಂದ ಊಟ ಬಿಟ್ಟು ಬಸ್ಸು ಹತ್ತುತ್ತಾರೆ. ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಹೋಟೆಲು, ಪೆಟ್ರೋಲ್ ಬಂಕಿನವರಲ್ಲಿ ನನ್ನದೊಂದು ಕೋರಿಕೆ: ಯಾರಾದರೂ ಹೊಟ್ಟೆ ಹಿಡಿದುಕೊಂಡು ಓಡಿ ಬಂದರೆ ಚಾ ಕುಡಿದರೋ ಇಲ್ಲವೋ, ಎಣ್ಣೆ ಹಾಕಿಸಿದರೋ ಇಲ್ಲವೋ ಎಂದು ವಿಚಾರಿಸುತ್ತ ನಿಲ್ಲಿಸಿಕೊಳ್ಳಬೇಡಿ, ಮೊದಲು ಸಂಡಾಸಿನ ಕೀಲಿ ಕೊಡಿ.

ಇತಿ,
ಒಬ್ಬ ಔಷಧ ವ್ಯಾಪಾರಿ
ಕುಮಟಾ, ಉತ್ತರ ಕನ್ನಡ