ತಿರುಗಿ ನಿಂತ ಕೆಂಪು ಕಾರಿನ ವಿಷಯ

ಸ್ಯಾಕ್ರಮೆಂಟೊ,
ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪನವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮ. ಅಮ್ಮನಿಗೆ, ಸುಮಳಿಗೆ, ರಮೇಶ ಭಾವನವರಿಗೆ ನಮಸ್ಕಾರ ತಿಳಿಸುವುದು.

ಪುಟ್ಟಿಯ ಕೈಯಲ್ಲಿ ಬರೆಸಿದ ನಿಮ್ಮ ಪತ್ರ ಗುರುವಾರ ತಲುಪಿತು. ಅಕ್ಷರ ಅವಳದಾದರೂ ಮಾತು ನಿಮ್ಮದೇ ಎಂಬುದು ಮೊದಲ ಸಾಲಿನಲ್ಲೇ ತಿಳಿಯಿತು. ನಾನು ಕಾರ್ ರೇಸಿನ ಹುಚ್ಚು ಬಿಟ್ಟೆನೆಂದು ಬರೆದುಕೊಡುವವರೆಗೆ ಕಣ್ಣಿನ ಆಪರೇಷನ್ನಿಗೆ ಹೋಗುವುದಿಲ್ಲ ಎಂದು ಬರೆಸಿದ್ದೀರಿ. ಮೂರು ದಿನ ಇದನ್ನೇ ಯೋಚಿಸಿದೆ. ಫೋನಿನಲ್ಲಿ ಹೇಳೋಣವೆಂದರೆ ನೀವು ಅರ್ಧ ಮಾತಿಗೇ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಆದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ. ಪುಟ್ಟಿ ಓದಿ ಹೇಳುವಾಗ ದಯವಿಟ್ಟು ನಡುವೆ ಎದ್ದು ಹೋಗಬೇಡಿ.

ಮೊದಲು ಆ ಫೋಟೋದ ವಿಷಯ. ಭಾವನವರು ತೋರಿಸಿದ ಫೋಟೋದಲ್ಲಿ ಕಾರು ಧೂಳಿನ ನಡುವೆ ಹಿಂದುಮುಂದಾಗಿ ನಿಂತಿರುವುದು ನಿಜ, ಒಳಗೆ ಕುಳಿತವನು ನಾನೇ ಎಂಬುದೂ ನಿಜ. ಆದರೆ ಅದು ಅಪಘಾತವಲ್ಲ. ಥಂಡರ್‌ಹಿಲ್ ಎಂಬ ಆ ಟ್ರ್ಯಾಕಿನಲ್ಲಿ ಐದನೆಯ ತಿರುವು ದಿಬ್ಬದ ಮೇಲಿದೆ. ಹತ್ತುವಾಗ ಆಚೆಯ ದಾರಿ ಕಾಣುವುದಿಲ್ಲ, ನೆತ್ತಿಗೆ ಬಂದ ಮೇಲೆ ಒಮ್ಮೆಲೇ ಇಳಿಜಾರು. ನಾನು ನೆತ್ತಿಯಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಭಾರವೆಲ್ಲ ಮುಂದಿನ ಚಕ್ರಗಳಿಗೆ ಬಂದು ಹಿಂಭಾಗ ಹಗುರಾಗಿ ಜಾರಿತು. ಕಾರು ಒಂದು ಸುತ್ತಿಗೂ ಕಡಿಮೆ ತಿರುಗಿ ಮಣ್ಣಿನಲ್ಲಿ ನಿಂತಿತು. ಯಾರಿಗೂ, ಯಾವುದಕ್ಕೂ ತಗುಲಲಿಲ್ಲ. ಕಾರಿನ ಮೇಲೆ ಒಂದು ಗೀರೂ ಬೀಳಲಿಲ್ಲ. (ಇದ್ದ ಹಳೆಯ ಗೀರುಗಳ ಲೆಕ್ಕ ಬೇರೆ.) ಘಾಟಿಯ ತಿರುವಿನಲ್ಲಿ ನಡುವೆ ಕಾಲು ತೆಗೆಯಬಾರದು, ಮಾಡುವುದನ್ನು ಮೊದಲೇ ಮಾಡಿ ಮುಗಿಸಿರಬೇಕು ಎಂದು ನೀವು ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಎಷ್ಟು ಸಲ ಹೇಳಿದ್ದೀರೋ. ಆ ದಿನ ಮರೆತೆ, ದಂಡ ತೆತ್ತೆ.

ಅದು ದಂಡದ ಮಾತೇ ಹೌದು. ಟ್ರ್ಯಾಕು ಬಿಟ್ಟು ಮಣ್ಣಿಗಿಳಿದವರಿಗೆ ಕಪ್ಪು ಬಾವುಟ ತೋರಿಸಿ ಒಳಗೆ ಕರೆಯುತ್ತಾರೆ, ರೇಸಿನ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಏನಾಯಿತು, ಏಕಾಯಿತು, ಇನ್ನೊಮ್ಮೆ ಆಗದಿರಲು ಏನು ಮಾಡುತ್ತೀಯ ಎಂದು ಕೇಳುತ್ತಾರೆ. ಎರಡು ಕಾರು ಒಂದಕ್ಕೊಂದು ತಗುಲಿದರೆ ತಪ್ಪು ಯಾರದೆಂದು ಮೊದಲು ನೋಡುವುದಿಲ್ಲ, ಇಬ್ಬರನ್ನೂ ಒಳಗೆ ಕರೆಯುತ್ತಾರೆ. ನಮ್ಮಲ್ಲಿ ಸ್ಕೂಟರಿನವನು ತಾನಾಗಿ ಬಂದು ಗುದ್ದಿದರೂ ಜನ ಬಸ್ಸಿನ ಚಾಲಕನನ್ನೇ ಕೆಳಗಿಳಿಸುತ್ತಾರಲ್ಲ, ಅದಕ್ಕಿಂತ ಈ ನ್ಯಾಯವೇ ಮೇಲು.

ನೀವು ಟೀವಿಯಲ್ಲಿ ನೋಡುವ ರೇಸಿಗೂ ಇದಕ್ಕೂ ಅಜಗಜಾಂತರ ಎಂಬುದನ್ನು ಭಾವನವರು ಹೇಳಿರಲಾರರು. ಫ್ರಾನ್ಸಿನ ಲ ಮಾನ್ ಎಂಬ ಊರಿನಲ್ಲಿ 1923ರಿಂದ ಇಪ್ಪತ್ತನಾಲ್ಕು ಗಂಟೆಗಳ ರೇಸು ನಡೆಯುತ್ತಿದೆ. ಅಲ್ಲಿ ಓಡುವುದು ಕೋಟಿಗಟ್ಟಲೆ ಬೆಲೆಯ ಕಾರುಗಳು. ಅದನ್ನು ಗೇಲಿ ಮಾಡಲೆಂದು ಜೇ ಲ್ಯಾಮ್ ಎಂಬ ಪತ್ರಕರ್ತರು 2006ರಲ್ಲಿ ಇದೇ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ 'ಲೆಮನ್ಸ್' ಎಂಬ ರೇಸು ಆರಂಭಿಸಿದರು. ಅಮೆರಿಕದವರು ಕೆಲಸಕ್ಕೆ ಬಾರದ ಕಾರನ್ನು ಲೆಮನ್, ಅಂದರೆ ನಿಂಬೆ, ಎನ್ನುತ್ತಾರೆ. ಇಲ್ಲಿ ಕಾರಿನ ಬೆಲೆ 500 ಡಾಲರಿಗೆ ಮೀರಬಾರದು. ನಮ್ಮ ಲೆಕ್ಕದಲ್ಲಿ ನಲವತ್ತು ಸಾವಿರ ರೂಪಾಯಿಗೆ ಸ್ವಲ್ಪ ಮೇಲೆ, ಒಂದು ಹಳೆಯ ಸ್ಕೂಟರಿನ ಬೆಲೆ. ಹೆಸರಿನಲ್ಲಿ 24 ಗಂಟೆ ಇದ್ದರೂ ಹೆಚ್ಚಿನ ಕಡೆ ಶನಿವಾರ, ಭಾನುವಾರ ಹಗಲು ಹೊತ್ತಿನಲ್ಲಿ ಓಡಿಸಿ ರಾತ್ರಿ ನಿಲ್ಲಿಸಿಬಿಡುತ್ತಾರೆ. ನಾವು ನಾಲ್ವರು ಸರದಿಯ ಮೇಲೆ ಓಡಿಸುತ್ತೇವೆ. ಒಬ್ಬೊಬ್ಬರದು ಒಂದೂವರೆ ಗಂಟೆ, ಆಮೇಲೆ ವಿಶ್ರಾಂತಿ. ನೀವು ಮೂಡಿಗೆರೆಯಿಂದ ಮಂಗಳೂರಿಗೆ ಹೋಗಿ, ಅದೇ ದಿನ ತಿರುಗಿ ಬರುತ್ತಿದ್ದಾಗ ನಿಮ್ಮನ್ನು ಬಿಡಿಸಲು ಯಾರಿದ್ದರು?

ಕಾರಿಗೆ ಅಷ್ಟು ಕಡಿಮೆ ಬೆಲೆಯಾದರೆ ಜೀವಕ್ಕೆ ಇನ್ನೆಷ್ಟು ಬೆಲೆ ಎಂದು ಕೇಳಿದ್ದೀರಿ. ಆ 500 ಡಾಲರಿನ ಲೆಕ್ಕದಲ್ಲಿ ಸುರಕ್ಷತೆಯ ಸಾಮಾನು ಸೇರುವುದಿಲ್ಲ, ಅದಕ್ಕೆ ಎಷ್ಟು ಬೇಕಾದರೂ ಖರ್ಚು ಮಾಡಬಹುದು, ಮಾಡಲೇಬೇಕು. ಕಾರಿನ ಒಳಗೆ ಉಕ್ಕಿನ ಕೊಳವೆಗಳನ್ನು ಬೆಸೆದು ಪಂಜರ ಕಟ್ಟಿದ್ದಾರೆ, ಕಾರು ಮಗುಚಿದರೂ ಛಾವಣಿ ಕುಸಿಯುವುದಿಲ್ಲ. ನನ್ನನ್ನು ಸೀಟಿಗೆ ಬಿಗಿಯುವ ಪಟ್ಟಿಗಳು ಭುಜದಿಂದ, ಸೊಂಟದಿಂದ, ತೊಡೆಯ ನಡುವಿನಿಂದ ಬಂದು ಹೊಟ್ಟೆಯ ಮೇಲೆ ಒಂದೇ ಕೊಂಡಿಗೆ ಸೇರುತ್ತವೆ. ಉಡುಪು ಬೆಂಕಿ ತಡೆಯುವಂಥದ್ದು. ಹೆಗಲ ಮೇಲೆ ಹ್ಯಾನ್ಸ್ ಎಂಬ ಗಟ್ಟಿ ನೊಗದಂಥ ಸಾಧನವಿದೆ. ಅದನ್ನು ಹೆಲ್ಮೆಟ್ಟಿಗೆ ಪಟ್ಟಿಯಿಂದ ಕಟ್ಟಿರುವುದರಿಂದ ಕಾರು ಎಲ್ಲಿಗಾದರೂ ಬಡಿದಾಗ ತಲೆ ಮುಂದಕ್ಕೆ ಎಗರಿ ಕುತ್ತಿಗೆ ಮುರಿಯುವುದು ತಪ್ಪುತ್ತದೆ. 1980ರ ದಶಕದಲ್ಲಿ ಇದನ್ನು ರೂಪಿಸಿದವರು ರಾಬರ್ಟ್ ಹಬ್ಬರ್ಡ್ ಎಂಬ ಪ್ರೊಫೆಸರರು ಮತ್ತು ರೇಸು ಓಡಿಸುತ್ತಿದ್ದ ಜಿಮ್ ಡೌನಿಂಗ್. ಇಬ್ಬರೂ ಭಾವ–ಭಾವಮೈದುನರು. ಫೋಟೋ ತೋರಿಸಿ ಮನೆಯವರ ನಿದ್ದೆ ಕೆಡಿಸುವುದರ ಹೊರತಾಗಿ ಭಾವಂದಿರಿಂದ ಇಂಥ ಉಪಕಾರಗಳೂ ಆಗುತ್ತವೆ ಎಂದು ರಮೇಶ ಭಾವನವರಿಗೆ ಓದಿ ಹೇಳು ಪುಟ್ಟಿ.

ಹೆಲ್ಮೆಟ್ಟು, ಉಡುಪು, ಈ ನೊಗ, ಇವಿಷ್ಟಕ್ಕೇ ನಾನು ಕೊಟ್ಟದ್ದು ಕಾರಿನ ಬೆಲೆಯ ಎರಡರಷ್ಟು. ಸಾಲ ಮಾಡಿಲ್ಲ. ತೋಟದ ಬೇಲಿಗೆ ಕಳಿಸುವ ಹಣದಲ್ಲಿ ಒಂದು ರೂಪಾಯಿಯನ್ನೂ ಮುಟ್ಟಿಲ್ಲ. ವೀಣಾಳ ಒಪ್ಪಿಗೆಯೂ ಇದೆ. ಒಪ್ಪಿಗೆ ಎಂದರೆ, ಆ ಎರಡು ದಿನ ಅವಳು ನನ್ನೊಡನೆ ಹೆಚ್ಚು ಮಾತನಾಡುವುದಿಲ್ಲ, ಅಷ್ಟೆ. ಪೆಟ್ರೋಲ್ ತುಂಬಿಸುವ ಕ್ರಮ ನೋಡಿದರೆ ನೀವೇ ಮೆಚ್ಚುತ್ತೀರಿ. ಎಂಜಿನ್ ಆರಿಸಬೇಕು, ಚಾಲಕ ಕೆಳಗಿಳಿಯಬೇಕು, ತುಂಬಿಸುವವನೂ ತಲೆಯಿಂದ ಕಾಲಿನವರೆಗೆ ಬೆಂಕಿಯ ಉಡುಪು ತೊಟ್ಟಿರಬೇಕು, ಪಕ್ಕದಲ್ಲಿ ಇನ್ನೊಬ್ಬ ಬೆಂಕಿ ಆರಿಸುವ ಸಿಲಿಂಡರಿನ ಪಿನ್ನಿಗೆ ಕೈಯಿಟ್ಟು ನಿಂತಿರಬೇಕು. ನಮ್ಮ ಬಂಕುಗಳಲ್ಲಿ ಬೀಡಿ ಸೇದುತ್ತಾ ನಿಲ್ಲುವವರ ನೆನಪಾಗಿ ನಗು ಬಂತು.

ಕಾರಿಗೆ ಕೆಂಪು ಬಸ್ಸಿನ ಬಣ್ಣ ಬಳಿದು ಸಾರಿಗೆ ನಿಗಮದ ಮರ್ಯಾದೆ ಕಳೆದೆ ಎಂಬ ಆರೋಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಇಲ್ಲಿ ಪ್ರತಿಯೊಂದು ತಂಡವೂ ಕಾರಿಗೆ ಏನಾದರೊಂದು ವೇಷ ಹಾಕಬೇಕೆಂಬ ಪದ್ಧತಿಯಿದೆ. ಒಬ್ಬರು ಛಾವಣಿಯ ಮೇಲೆ ದೋಣಿ ಹೊತ್ತಿದ್ದರು, ಇನ್ನೊಬ್ಬರು ಕಾರಿಗೆ ಹಸುವಿನ ಕಲೆ ಬಳಿದು ಬಾಲ ಕಟ್ಟಿದ್ದರು. ನನ್ನ ತಂಡದವರು ನಿನ್ನ ಊರಿನದು ಏನಾದರೂ ಹೇಳು ಎಂದಾಗ ನನಗೆ ಬೇರೇನೂ ತೋಚಲಿಲ್ಲ. ಮುಂದಿನ ಗಾಜಿನ ಮೇಲಂಚಿಗೆ 'ಚಿಕ್ಕಮಗಳೂರು – ಮಂಗಳೂರು, ಮಾರ್ಗ: ಚಾರ್ಮಾಡಿ' ಎಂದು ಕನ್ನಡದಲ್ಲೇ ಬರೆದೆ. ಎರಡು ದಿನವೂ ಜನ ಬಂದು ಅದನ್ನು ಓದಿಸಿಕೊಂಡು ಹೋದರು. ಶನಿವಾರ ಬೆಳಿಗ್ಗೆ ಆಯುಧಪೂಜೆಯಂತೆ ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣಿಟ್ಟು ಕಾರನ್ನು ಮುಂದಕ್ಕೆ ಸರಿಸಿದಾಗ, ರೇಸಿನ ಹೆಸರಿಗೆ ತಕ್ಕಂತೆ ತಮಾಷೆ ಮಾಡಿದ್ದೇವೆಂದು ತಿಳಿದು ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಾನೂ ತಿದ್ದಲು ಹೋಗಲಿಲ್ಲ.

ಲಂಚದ ವಿಷಯವನ್ನೂ ಹೇಳಿಬಿಡುತ್ತೇನೆ, ಬೇರೆ ಯಾರಿಂದಲಾದರೂ ತಿಳಿದರೆ ನೀವು ಇನ್ನಷ್ಟು ನೊಂದುಕೊಳ್ಳುತ್ತೀರಿ. ರೇಸಿಗೆ ಮುಂಚೆ ನ್ಯಾಯಾಧೀಶರು ಕಾರು ನಿಜಕ್ಕೂ 500 ಡಾಲರಿನದೇ ಎಂದು ಪರೀಕ್ಷಿಸುತ್ತಾರೆ, ಸಂಶಯ ಬಂದರೆ ದಂಡವಾಗಿ ಸುತ್ತುಗಳನ್ನು ಕಳೆಯುತ್ತಾರೆ. ಆ ಹೊತ್ತಿಗೆ ಅವರಿಗೆ ತಿನ್ನುವುದೋ ಕುಡಿಯುವುದೋ ಏನಾದರೂ ಕೊಡುವುದು ಬಹಿರಂಗವಾದ ವಾಡಿಕೆ. ಕೊಟ್ಟವರ ಕಾರಿನ ಮೇಲೆ 'ಲಂಚ ಕೊಟ್ಟಿದ್ದಾರೆ' ಎಂಬರ್ಥದ ಮಾತನ್ನು ಅಚ್ಚಿಟ್ಟು ಬಣ್ಣ ಹೊಡೆಯುತ್ತಾರೆ. ಅಮ್ಮ ಕಳಿಸಿದ್ದ ಕೋಡುಬಳೆಯ ಡಬ್ಬಿ ಆ ದಿನ ಖಾಲಿಯಾಯಿತು. ಖಾರ ತಾಳದೆ ಅವರು ಕಣ್ಣೊರೆಸಿಕೊಂಡರೂ ಎರಡನೆಯದಕ್ಕೆ ಕೈ ಹಾಕಿದರು. ನಮಗೆ ಒಂದು ಸುತ್ತಿನ ದಂಡವೂ ಬೀಳಲಿಲ್ಲ.

ಇನ್ನು ನಾನು ನಿಮಗೆ ಹೇಳಲೇಬೇಕಾದ ಸಂಗತಿ. ಶನಿವಾರ ಮಧ್ಯಾಹ್ನ ನನ್ನ ಎರಡನೆಯ ಸರದಿ. ಹೊರಗೆ ವಿಪರೀತ ಬಿಸಿಲು. ಎದೆಗೆ ತೊಟ್ಟ ಅಂಗಿಯೊಳಗೆ ಸಣ್ಣ ಕೊಳವೆಗಳಲ್ಲಿ ಮಂಜುಗಡ್ಡೆಯ ನೀರು ಹರಿಯುತ್ತಿದ್ದರೂ ಹುಬ್ಬಿನ ಬೆವರು ಕಣ್ಣಿಗಿಳಿಯುತ್ತಿತ್ತು. ಟ್ರ್ಯಾಕು ಮೂರು ಮೈಲಿ, ಹದಿನೈದು ತಿರುವು. ಎರಡನೆಯ ತಿರುವು ಎಡಕ್ಕೆ ಬಹಳ ಹೊತ್ತು ಬಾಗುತ್ತಲೇ ಇರುತ್ತದೆ, ನಮ್ಮ ಘಾಟಿಯ ಹೇರ್‌ಪಿನ್ನನ್ನು ಅಗಲವಾಗಿ ಎಳೆದಂತೆ. ಅಲ್ಲಿ ಪ್ರತಿ ಸುತ್ತಿನಲ್ಲೂ ಒಂದು ಗುಂಯ್ ಎಂಬ ಸದ್ದು ಏಳುತ್ತಿತ್ತು. ನೇರ ದಾರಿಯಲ್ಲಿ ಕಡಿಮೆಯಾಗುತ್ತಿತ್ತು, ಬಲ ತಿರುವಿನಲ್ಲಿ ಸುಮ್ಮನಾಗುತ್ತಿತ್ತು. ರೇಡಿಯೋದಲ್ಲಿ ಹೇಳಿದರೆ, ಹಳೆಯ ಕಾರಿನಲ್ಲಿ ಸದ್ದಿಲ್ಲದೆ ಇನ್ನೇನು ಇರುತ್ತದೆ, ಓಡಿಸು ಎಂದರು. ಆದರೆ ನಾನು ಎಂಟನೆಯ ಕ್ಲಾಸಿನಲ್ಲಿದ್ದಾಗ ಕೊಟ್ಟಿಗೆಹಾರದ ಹತ್ತಿರ ನೀವು ಹೋಟೆಲ್ಲಿಗೂ ಹೋಗದೆ ಬಸ್ಸಿನ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಹೇಳಿದ್ದು ನನಗೆ ನೆನಪಿತ್ತು. ಎಡಕ್ಕೆ ತಿರುಗಿದರೆ ಭಾರ ಬಲಕ್ಕೆ, ಕೂಗುವುದು ಭಾರ ಹೊತ್ತ ಬದಿಯ ಚಕ್ರದ ಬೇರಿಂಗು.

ಯಾರ ಅಪ್ಪಣೆಗೂ ಕಾಯದೆ ಕಾರನ್ನು ಒಳಗೆ ತಂದೆ. ಜ್ಯಾಕ್ ಕೊಟ್ಟು ಬಲ ಮುಂದಿನ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದೆ. ಕಟಕ್ ಎಂದಿತು. ಮತ್ತೆ ಅಲ್ಲಾಡಿಸಿದಾಗ ನನ್ನ ಜೊತೆಯ ಮೆಕ್ಯಾನಿಕ್ಕನ ಮುಖದಲ್ಲಿದ್ದ ನಗು ಹೋಯಿತು. ಬಿಚ್ಚಿದರೆ ಗ್ರೀಸು ಸುಟ್ಟು ಡಾಂಬರಿನಂತಾಗಿತ್ತು, ಗುಂಡುಗಳು ನೀಲಿಗಟ್ಟಿದ್ದವು. ಇನ್ನು ಸ್ವಲ್ಪ ಹೊತ್ತು ಓಡಿಸಿದ್ದರೆ ಏನಾಗುತ್ತಿತ್ತು ಎಂಬುದನ್ನು ಬರೆಯುವುದಿಲ್ಲ, ಏಕೆಂದರೆ ಅದು ಆಗಲಿಲ್ಲ. ನಮ್ಮಲ್ಲಿ ಬದಲಿ ಬೇರಿಂಗು ಇರಲಿಲ್ಲ. ನಾಲ್ಕು ಡೇರೆ ಆಚೆ ನಮ್ಮದೇ ಜಾತಿಯ ಕಾರು ತಂದಿದ್ದ ತಂಡದವರು, ನಮಗಿಂತ ಮುಂದಿದ್ದವರು, ತಮ್ಮ ಪೆಟ್ಟಿಗೆಯಿಂದ ಹೊಸದೊಂದನ್ನು ತೆಗೆದು ಕೊಟ್ಟರು. ಅದನ್ನು ಕೂರಿಸಲು ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಕೊನೆಯಲ್ಲಿ ನೂರಕ್ಕೂ ಹೆಚ್ಚು ಕಾರುಗಳಲ್ಲಿ ನಮ್ಮದು 71ನೆಯದಾಗಿ ಬಂತು. ಗೆದ್ದವರಿಗಿಂತ ಹೆಚ್ಚಿನ ಮರ್ಯಾದೆ ಇಲ್ಲಿ ಓಡಲೇಬಾರದಂಥ ಕಾರನ್ನು ಕೊನೆಯವರೆಗೆ ಓಡಿಸಿದವರಿಗೆ, ಅದೂ ನಮಗೆ ಸಿಗಲಿಲ್ಲ. ಆದರೆ ಬ್ರೇಕ್ ಪ್ಯಾಡು ಎರಡು ದಿನವೂ ಸವೆಯದೆ ಉಳಿದದ್ದು ನಮ್ಮ ಕಾರಿನಲ್ಲಿ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬ ನಿಮ್ಮ ಪಾಠವನ್ನು ಉಳಿದ ಮೂವರಿಗೂ ಹೇಳಿಕೊಟ್ಟಿದ್ದೇನೆ.

ಈಗ ನಿಮ್ಮ ಕಣ್ಣು. ಅಪಘಾತವಿಲ್ಲದ ಸೇವೆಗೆ ನಿಗಮ ಕೊಟ್ಟ ಬೆಳ್ಳಿ ಪದಕ ನಿಮ್ಮದು, ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಅಮ್ಮ ಬೇರೆ ಕಾಗದದಲ್ಲಿ ಬರೆದಿದ್ದಾಳೆ, ನೀವು ಜಗುಲಿಯ ಕೊನೆಯ ಮೆಟ್ಟಿಲು ಕಾಣದೆ ಎಡವಿದ್ದೀರಿ, ಆದರೂ ಸಂಜೆ ಹೊತ್ತು ಟಿವಿಎಸ್ ಏರಿ ಮೂಡಿಗೆರೆಗೆ ಹೋಗಿ ಬರುತ್ತೀರಿ. ಅಪ್ಪ, ನಾನು ಓಡಿಸುವ ಟ್ರ್ಯಾಕಿನಲ್ಲಿ ಎದುರಿನಿಂದ ಯಾವ ವಾಹನವೂ ಬರುವುದಿಲ್ಲ, ದನ ಬರುವುದಿಲ್ಲ, ದೀಪವಿಲ್ಲದ ಟ್ರ್ಯಾಕ್ಟರ್ ನಿಂತಿರುವುದಿಲ್ಲ, ಆಂಬ್ಯುಲೆನ್ಸ್ ಬಾಗಿಲು ತೆರೆದುಕೊಂಡೇ ಕಾದಿರುತ್ತದೆ. ತಿರುವು ತಿರುವಿಗೂ ಬಾವುಟ ಹಿಡಿದವರಿರುತ್ತಾರೆ. ಆ ಹಳದಿ ಬಾವುಟ ಹಳದಿಯಾಗಿ ಕಾಣದವನು ಅಲ್ಲಿ ಓಡಿಸಬಾರದು. ಪೊರೆ ಬಂದ ಕಣ್ಣಿಗೆ ಬಣ್ಣ ಮಾಸುತ್ತದೆ, ಎದುರಿನ ದೀಪ ಒಡೆದು ಚೆಲ್ಲಿದಂತೆ ಕಾಣುತ್ತದೆ. ಆ ಕಣ್ಣಿನಲ್ಲಿ ನೀವು ಹ್ಯಾಂಡ್‌ಪೋಸ್ಟಿನ ತಿರುವು ದಾಟುತ್ತಿರುವುದನ್ನು ನೆನೆದರೆ ನನಗೆ ಇಲ್ಲಿ ನಿದ್ದೆ ಬರುವುದಿಲ್ಲ. ಪೊರೆ ಪೂರ್ತಿ ಬಲಿಯಲಿ ಎಂದು ಕಾಯುತ್ತಿದ್ದ ಕಾಲವೂ ಹೋಯಿತು. ತೀರ ಬಲಿತರೆ ಡಾಕ್ಟರಿಗೇ ಕಷ್ಟ. ಅರ್ಧ ಗಂಟೆಯೂ ಹಿಡಿಯದ ಕೆಲಸ, ಅದೇ ದಿನ ಮನೆಗೆ ಬರಬಹುದು.

ರೇಸು ಬಿಟ್ಟೆನೆಂದು ಬರೆದುಕೊಡಲಾರೆ, ನಿಮಗೆ ಸುಳ್ಳು ಬರೆದು ಅಭ್ಯಾಸವಿಲ್ಲ. ಮುಂದಿನ ರೇಸಿನ ನನ್ನ ಸರದಿಯನ್ನು ಮಾತ್ರ ತಂಡದ ಗೆಳೆಯರೊಬ್ಬರ ತಮ್ಮನಿಗೆ ಬಿಟ್ಟುಕೊಟ್ಟಿದ್ದೇನೆ. ಆ ಹಣ, ಆ ರಜೆ ಎರಡನ್ನೂ ಸೇರಿಸಿ ಊರಿಗೆ ಬರುತ್ತೇನೆ. ಸುಮ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿ ತಿಳಿಸಲಿ, ಅದರ ಹಿಂದಿನ ದಿನವೇ ನಾನು ಮನೆಯಲ್ಲಿರುತ್ತೇನೆ. ಆಪರೇಷನ್ ಆದ ಮೇಲೆ ಹನಿ ಹಾಕುವುದು ನನ್ನ ಕೆಲಸ. ನೀವು ಹೇಳಿದಷ್ಟು ದಿನ ಬಯ್ಯಿಸಿಕೊಳ್ಳುತ್ತೇನೆ.

ನನಗೆ ಏನೂ ಆಗಿಲ್ಲ, ಏನೂ ಆಗುವುದಿಲ್ಲ. ಆರೋಗ್ಯ ಚೆನ್ನಾಗಿದೆ, ಊಟ ಸರಿಯಾಗಿ ಮಾಡುತ್ತೇನೆ, ಹೆಬ್ಬೆರಳಿಗೆ ಪಟ್ಟಿ ಕಟ್ಟಿದ್ದೇನೆ, ಅದು ಬೇರಿಂಗು ಬಿಚ್ಚುವಾಗ ಸ್ಪ್ಯಾನರ್ ಜಾರಿದ್ದರಿಂದ, ರೇಸಿನಿಂದಲ್ಲ. ನಾಳೆ ಬೆಳಿಗ್ಗೆ ಬೇಗ ಕೆಲಸವಿದೆ, ಗಂಟೆ ಹನ್ನೆರಡಾಗುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಟಿವಿಎಸ್ಸಿನ ಕೀಲಿ ಇವತ್ತೇ ಸುಮಳ ಕೈಗೆ ಕೊಡಿ.

ಇಂತಿ ನಿಮ್ಮ ಮಗ,
ಸುರೇಶ

ಪುಟ್ಟಿ, ನೇರ ದಾರಿಯಲ್ಲಿ ಎಷ್ಟು ವೇಗ ಎಂದು ನೀನು ಬೇರೆಯಾಗಿ ಕೇಳಿದ್ದೀಯಲ್ಲ, ನೂರಾ ಐವತ್ತು ಕಿಲೋಮೀಟರು. ಈ ಸಾಲನ್ನು ಓದಬೇಡ.